ಕಾಲೇಜಿಗಿಂತ ಮುಂಚಿನ ನೆರವು: ಬಿಳಿಗಿರಿರಂಗನ ಬೆಟ್ಟದ ಗಿರಿಜನ ಕೇಂದ್ರ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ವೈದ್ಯ ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಲಬುರಗಿ ಜಿಲ್ಲೆಯ ಮಳಖೇಡ, ಸೇಡಂ, ಚಿಂಚೋಳಿ ಕಡೆಯವರಾದ ನಮಗೆ ಬಲು ದೂರದ ಸಂಸ್ಥೆ. ಆದರೂ ಅದು ನಡೆದ ದಾರಿ ನಮಗೆ ತಿಳಿದಿರಬೇಕು. ಬಡ ಮಗುವಿನ ಓದಿಗೆ ದಾನಿಗಳ ಹಣ ಯಾವ ಹೊತ್ತಿಗೆ ಒದಗಬೇಕು ಎಂಬುದಕ್ಕೆ ಅಲ್ಲಿ ಸ್ಪಷ್ಟ ಉತ್ತರವಿದೆ. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು. ಬೇಟೆಯೂ ಕಾಡಿನ ಬೇಸಾಯವೂ ನಿಂತವು, ಅಲ್ಲಿನ ಗಿರಿಜನರಾದ ಸೋಲಿಗರು ಕೂಲಿಗೆ ಬಿದ್ದರು. ಪೋಡು ಎಂಬ ಅವರ ಹಾಡಿಗಳಿಗೆ ಔಷಧ ಹಿಡಿದು ಬಂದ ಸುದರ್ಶನ್ ಶಾಲೆಯನ್ನೂ ತೆರೆದರು. ಹಸಿದ ಮನೆಯ ಮಗು ಕಾಲೇಜಿನ ಶುಲ್ಕ ಕಟ್ಟಲಾಗದೆ ಓದು ಬಿಡುವುದಿಲ್ಲ. ಅದಕ್ಕೆ ಎಷ್ಟೋ ವರ್ಷ ಮೊದಲೇ ಬಿಟ್ಟಿರುತ್ತದೆ. ಹಾಗಾಗಿ ಕೇಂದ್ರವು ಊಟ, ವಸತಿ, ಚಿಕಿತ್ಸೆ, ಪಾಠ ಎಲ್ಲವನ್ನೂ ಒಂದೇ ಕಡೆ ಒದಗಿಸಿತು. ಅಲ್ಲಿ ಓದಿದ ಸಿ. ಮಾದೇಗೌಡ ಮುಂದೆ ಪಿಎಚ್.ಡಿ. ಪಡೆದ ಮೊದಲ ಸೋಲಿಗರಾದರು.

ಸರಕಾರವೇ ವಿದ್ಯಾರ್ಥಿವೇತನ ಕೊಡುವಾಗ ದಾನದ ಸಂಸ್ಥೆ ಯಾಕೆ ಎಂದು ಕೇಳುವವರಿದ್ದಾರೆ. ಮೆಟ್ರಿಕ್ ನಂತರದ ವೇತನ ದೊಡ್ಡ ಆಸರೆ, ಅದು ಹಕ್ಕು. ದಾನ ಅದರ ಜಾಗಕ್ಕೆ ಬರಬಾರದು. ಆದರೆ ಮೆಟ್ರಿಕ್ ದಾಟಿದವರಿಗಷ್ಟೇ ಆ ವೇತನ ದಕ್ಕುತ್ತದೆ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ ಎಂದು ಅಲೆಯಲು ಮನೆಯಲ್ಲಿ ಓದುಬಲ್ಲವರೊಬ್ಬರು ಇರಬೇಕು. ಮೊದಲ ತಲೆಮಾರಿನ ವಿದ್ಯಾರ್ಥಿಗೆ ಇಲ್ಲದಿರುವುದೇ ಅಂಥವರು. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ವಸತಿ ಶಾಲೆ ಮಗುವನ್ನು ತನ್ನ ಜನರಿಂದ ಕೀಳುತ್ತದೆ ಎಂಬ ಭಯ ಸುಳ್ಳಲ್ಲ. ಕೆನಡಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಹಾಗೆ ಕಿತ್ತು, ಅವರ ನುಡಿಯನ್ನು ಅಳಿಸಹೊರಟದ್ದಕ್ಕೆ 2008ರಲ್ಲಿ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಬೇಕಾಯಿತು. ಆದರೆ ಬೆಟ್ಟದ ಶಾಲೆ ಇರುವುದು ಸೋಲಿಗರ ನಾಡಿನೊಳಗೇ. ಓದಿದವರು ಊರು ಬಿಟ್ಟರೇ? ಮಾದೇಗೌಡರನ್ನೇ ನೋಡಿ. ಆ ಕಾಡು 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರು ಸಮುದಾಯ ಹಕ್ಕುಪತ್ರ ಪಡೆದರು. ಆ ಹೋರಾಟದ ಮುಂದಾಳುಗಳಲ್ಲಿ ಮಾದೇಗೌಡರೂ ಇದ್ದರು. ನನ್ನ ಮಟ್ಟಿಗೆ ಅವರ ಪದವಿಗಿಂತ ದೊಡ್ಡ ಫಲ ಇದು.

ನಮ್ಮ ಚಿಂಚೋಳಿ, ಸೇಡಂ ತಾಂಡಾಗಳಿಗೆ ಇದನ್ನು ಹೊಂದಿಸಿ ನೋಡಬೇಕು. ಲಂಬಾಣಿಗರು ಇಲ್ಲಿ ಪರಿಶಿಷ್ಟ ಜಾತಿ, ಗಡಿ ದಾಟಿದರೆ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಪಟ್ಟಿ ಬೇರೆಯಾದರೂ ಗುಳೆಯ ಕಷ್ಟ ಒಂದೇ. ತಾಯಿತಂದೆ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೊರಟರೆ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯುತ್ತದೆ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ಆ ಹಣದ ಒಂದು ಪಾಲು ರ‍್ಯಾಂಕ್ ಬಂದವರ ಸನ್ಮಾನಕ್ಕಲ್ಲ, ಗುಳೆಯ ತಿಂಗಳುಗಳಲ್ಲಿ ತಾಂಡಾದ ಹತ್ತಿರವೇ ಮಕ್ಕಳ ಊಟ, ವಸತಿಗೆ ಹೋಗಬೇಕು. ಅಜ್ಜ ಅಜ್ಜಿ ಸಂಜೆ ಬಂದು ನೋಡಿಹೋಗುವಷ್ಟು ಹತ್ತಿರ, ಲಂಬಾಣಿ ಮಾತು ಬಲ್ಲ ಒಬ್ಬ ಶಿಕ್ಷಕಿಯಾದರೂ ಇರುವ ಕಡೆ.