ಗೇಟಿನ ಉಕ್ಕು ಎಷ್ಟು ಉಳಿದಿದೆ?

ಲಕ್ಕವಳ್ಳಿಯ ಭದ್ರಾ ಜಲಾಶಯದ ಮಟ್ಟ 186 ಅಡಿ ಮುಟ್ಟಿತೆಂದರೆ ದಾವಣಗೆರೆಯವರೆಗಿನ ರೈತರ ಮುಖ ಅರಳುತ್ತದೆ. ಮಳೆಗಾಲದಲ್ಲಿ ನೀರಿನ ಅಳತೆಯನ್ನು ಎಲ್ಲರೂ ಪತ್ರಿಕೆಯಲ್ಲಿ ಹುಡುಕುತ್ತಾರೆ. ನೀರನ್ನು ತಡೆದ ಉಕ್ಕಿನ ಅಳತೆಯನ್ನು ಕೇಳುವವರಿಲ್ಲ.

ಕೇಳುವಂತೆ ಮಾಡಿದ್ದು 2024ರ ಆಗಸ್ಟ್ 10ರ ರಾತ್ರಿ. ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ ಹರಿದು ಹೊಸಪೇಟೆಯ ಬಳಿ ಇನ್ನೊಂದು ಅಣೆಕಟ್ಟೆಯಲ್ಲಿ ನಿಲ್ಲುತ್ತಾಳಷ್ಟೆ. ಅಲ್ಲಿ ಸುಮಾರು 70 ವರ್ಷ ದುಡಿದ ಸರಪಳಿ ತುಂಡಾಗಿ, 19ನೇ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ತಡೆ ಕೂರಿಸಲು ಸುಮಾರು ಒಂದು ವಾರ ಹಿಡಿಯಿತು.

ತುಕ್ಕು ತಿಂದು ಉಳಿದ ಉಕ್ಕನ್ನು ಕೊಯ್ಯದೆ ಅಳೆಯುವುದು ಹೇಗೆ? ಬಾವಿಯೊಳಗೆ ಕೂಗಿ ಮಾರ್ದನಿ ಕೇಳುವ ಹುಡುಗರ ಆಟವೇ ಇಲ್ಲಿನ ಉಪಾಯ. ಕಿವಿಗೆ ಕೇಳದ ಶ್ರವಣಾತೀತ ಧ್ವನಿ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. 20 ಮಿ.ಮೀ. ಹಲಗೆಯ ಆಚೆ ಬದಿಗೆ ಬಡಿದು ಮರಳಲು ಅದಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಏಳು ಪಾಲೂ ಬೇಡ. ಆ ಕಾಲದಿಂದ ದಪ್ಪದ ಲೆಕ್ಕ.

ಮೋಸವಿರುವುದು ಬಣ್ಣದಲ್ಲಿ! ಬಣ್ಣದೊಳಗೆ ಧ್ವನಿ ನಿಧಾನ. ಉಪಕರಣ ಅದನ್ನೂ ಉಕ್ಕೆಂದೇ ಎಣಿಸಿದರೆ, ಒಂದು ಮಿ.ಮೀ. ಬಣ್ಣ ಎರಡು ಮಿ.ಮೀ. ಉಕ್ಕಿಗಿಂತ ಹೆಚ್ಚಾಗಿ ಕಂಡೀತು. ಸವೆದ ಹಲಗೆ ಕಾಗದದ ಮೇಲೆ ಗಟ್ಟಿಮುಟ್ಟು! ದಪ್ಪ ಗೊತ್ತಿರುವ ಉಕ್ಕಿನ ತುಂಡಿನ ಮೇಲೆ ಉಪಕರಣವನ್ನು ಮೊದಲು ಪರೀಕ್ಷಿಸಬೇಕು, ಆದರೆ ಅಷ್ಟರಿಂದಲೇ ಬಣ್ಣದ ಮೋಸ ತಪ್ಪದು. ಹೊಸ ಉಪಕರಣಗಳು ಎರಡು ಮಾರ್ದನಿಗಳ ನಡುವಿನ ಅಂತರವನ್ನು ಅಳೆದು ಬಣ್ಣವನ್ನು ಲೆಕ್ಕದಿಂದ ಬಿಡುತ್ತವೆ.

ಸರಪಳಿ ಇನ್ನೂ ಕಷ್ಟ. ಕೊಂಡಿ ಕೊಂಡಿಗೆ ಉಜ್ಜುವ ಜಾಗ ಹೊರಗೆ ಕಾಣದು. ಬಿಚ್ಚಿ, ಅಯಸ್ಕಾಂತೀಯಗೊಳಿಸಿ, ಕಬ್ಬಿಣದ ಪುಡಿ ಉದುರಿಸಿದರೆ ಬಿರುಕಿನ ಗುಂಟ ಪುಡಿ ಸಾಲುಗಟ್ಟುತ್ತದೆ. ಬಿಚ್ಚುವುದೆಂದರೆ ನೀರಿಳಿಯುವವರೆಗೆ ಕಾಯಬೇಕು. ಹೊಸಪೇಟೆಯಲ್ಲಿ ತಜ್ಞರು ಕೊನೆಗೆ ಎಲ್ಲ 33 ಗೇಟುಗಳನ್ನೂ ಬದಲಿಸಲು ಸಲಹೆ ಮಾಡಿದರು.