‘ಶಾಸನ ಇಲ್ಲ’ ಅಂತ ಯಂತ್ರ ಹೇಳಿದರೆ: ಮಧುವನಹಳ್ಳಿಯಿಂದ ಬಂದ ಒಂದು ಪ್ರಶ್ನೆ

ಕೊಳ್ಳೇಗಾಲದಿಂದ ಹನೂರಿನ ಕಡೆ ಹೋಗುವ ದಾರಿಯಲ್ಲಿ ಸಿಗುವ ಮಧುವನಹಳ್ಳಿ ನಮ್ಮ ಮಾವನವರ ಊರು. ಈಚೆಗೆ ಅವರಿಂದ ಫೋನ್ ಬಂತು. ಚರಂಡಿ ಕೆಲಸಕ್ಕೆ ಅಗೆಯುವಾಗ ಒಂದು ಕಲ್ಲು ಅಡ್ಡ ಬಂದಿದೆ, ಮೇಲೆ ಗೀಟು ಗೀಟು ಇದೆ. "ಇದನ್ನ ಯಾರಾದ್ರೂ ಓದವ್ರಾ ನೋಡಪ್ಪ. ಓದಿದ್ರೆ ಪಕ್ಕಕ್ಕೆ ಹಾಕುಸ್ತೀನಿ" ಅಂದರು.

ನನ್ನ ಕಂಪ್ಯೂಟರಿನಲ್ಲಿ ಶಾಸನ ಸಂಪುಟಗಳ ಸೂಚಿಗಳನ್ನು ಟೈಪ್ ಮಾಡಿಟ್ಟುಕೊಂಡ ಕೆಲವು ಡೇಟಾಬೇಸ್‌ಗಳಿವೆ. ಅವನ್ನು ಹುಡುಕಲು ಒಂದು ಎಐ ಏಜೆಂಟ್ ಇಟ್ಟಿದ್ದೇನೆ. ಅದನ್ನು ಕೇಳಿದೆ. ಕ್ಷಣದಲ್ಲಿ ಉತ್ತರ ಬಂತು: ‘ಮಧುವನಹಳ್ಳಿಯ ಯಾವ ಶಾಸನವೂ ದಾಖಲಾಗಿಲ್ಲ.’

ಉತ್ತರದಲ್ಲಿ ಅನುಮಾನದ ಸುಳಿವೇ ಇರಲಿಲ್ಲ. ಆದರೆ ಅದು ನೋಡಿದ್ದು ಒಂದೇ ಡೇಟಾಬೇಸನ್ನು, ಅದೂ ರೈಸ್ ಅವರ ಹಳೆಯ ಎಪಿಗ್ರಾಫಿಯಾ ಕರ್ನಾಟಿಕ. ಅದರಲ್ಲಿ ಕೊಳ್ಳೇಗಾಲ ಸಿಗುವುದಾದರೂ ಹೇಗೆ?

ಇಲ್ಲಿ ಸ್ವಲ್ಪ ಇತಿಹಾಸ ಬೇಕು. ಬಿ. ಎಲ್. ರೈಸ್ ಅವರ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿನವು. 1898ರಲ್ಲಿ ಬಂದ ನಾಲ್ಕನೆಯ ಸಂಪುಟದಲ್ಲಿ ಯಳಂದೂರು ಇದೆ, ಏಕೆಂದರೆ ಅದು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ, ಮೈಸೂರಿಗೆ ಸೇರಿದ ಸೀಮೆ. ಪಕ್ಕದ ಕೊಳ್ಳೇಗಾಲವಾದರೋ ಮದ್ರಾಸ್ ಪ್ರೆಸಿಡೆನ್ಸಿಯ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಲ್ಲಿನ ಕಲ್ಲುಗಳನ್ನು ಹುಡುಕಬೇಕಾದ್ದು ಮದ್ರಾಸಿನ ಶಾಸನ ಇಲಾಖೆಯ ವಾರ್ಷಿಕ ವರದಿಗಳಲ್ಲಿ. ಅದಕ್ಕೂ ಹಿಂದಿನದು ಬೇಕೆಂದರೆ ರಾಬರ್ಟ್ ಸಿವೆಲ್ ಅವರ 1882ರ ಪ್ರಾಚ್ಯಾವಶೇಷಗಳ ಪಟ್ಟಿ ನೋಡಬೇಕು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯ 1975ರಲ್ಲಿ ತಂದ ಪರಿಷ್ಕೃತ ನಾಲ್ಕನೆಯ ಸಂಪುಟದಲ್ಲಿ ಯಳಂದೂರಿನ ಜೊತೆಗೆ ಕೊಳ್ಳೇಗಾಲಕ್ಕೂ ಜಾಗ ಸಿಕ್ಕಿತು.

ಅಂದರೆ ಅರ್ಧ ಗಂಟೆಯ ದಾರಿಯಲ್ಲಿರುವ ಎರಡು ಊರುಗಳ ಶಾಸನಗಳು ಬೇರೆ ಬೇರೆ ಕಪಾಟಿನಲ್ಲಿವೆ. ನಮಗಿದು ರೂಢಿಯಿಂದ ಗೊತ್ತು. ಯಂತ್ರಕ್ಕೆ ನಾವು ಹೇಳಬೇಕು.

ಹೇಳುವುದು ಹೇಗೆ? ಏಜೆಂಟ್ ತಾನಾಗಿ ಯಾವ ಡೇಟಾಬೇಸನ್ನೂ ಮುಟ್ಟಲಾರದು. ನಾವು ಕೊಟ್ಟ ‘ಟೂಲ್’ಗಳನ್ನು ಮಾತ್ರ ಬಳಸಬಲ್ಲದು. ಇದಕ್ಕಾಗಿ 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’, ಚಿಕ್ಕದಾಗಿ ಎಂಸಿಪಿ, ಎಂಬ ಮುಕ್ತ ನಿಯಮಾವಳಿಯನ್ನು ಹೊರತಂದಿತು. ಇದರಂತೆ ಏಜೆಂಟ್ ಮೊದಲು ಸರ್ವರನ್ನು ‘ನಿನ್ನಲ್ಲಿ ಏನೇನು ಟೂಲ್ ಇದೆ?’ ಎಂದು ಕೇಳುತ್ತದೆ. ಸರ್ವರ್ ಪ್ರತಿಯೊಂದರ ಹೆಸರು, ವಿವರಣೆ, ಯಾವ ರೀತಿಯ ಪ್ರಶ್ನೆ ಕೊಡಬೇಕು ಎಂಬುದನ್ನು ಪಟ್ಟಿ ಮಾಡಿ ಕೊಡುತ್ತದೆ.

ನಾನು ಮಾಡಿದ್ದು ಇಷ್ಟೇ: ಹುಡುಕುವ ಟೂಲ್ ಜೊತೆಗೆ ‘ಸಂಪರ್ಕ ಪಟ್ಟಿ’ ಎಂಬ ಇನ್ನೊಂದು ಸಣ್ಣ ಟೂಲ್ ಬರೆದೆ. ಅದನ್ನು ಕರೆದರೆ ನನ್ನಲ್ಲಿರುವ ಡೇಟಾಬೇಸ್ ಸಂಪರ್ಕಗಳೆಲ್ಲ ಬರುತ್ತವೆ, ಪ್ರತಿಯೊಂದರ ಪಕ್ಕ ನಾಲ್ಕು ಸಂಗತಿ:

1. ಹೆಸರು, ಉದಾಹರಣೆಗೆ ‘ಇಸಿ ಹಳೆಯದು’, ‘ಇಸಿ ಪರಿಷ್ಕೃತ 4’, ‘ಮದ್ರಾಸ್ ವರದಿ’.
2. ವ್ಯಾಪ್ತಿ: ಯಾವ ಸೀಮೆ, ಯಾವ ವರ್ಷದ ಗಡಿ. ‘ಇಸಿ ಹಳೆಯದು’ ಎದುರಿಗೆ ‘ಕೊಳ್ಳೇಗಾಲ ಇದರಲ್ಲಿಲ್ಲ’ ಅಂತ ನೇರವಾಗಿ ಬರೆದಿದ್ದೇನೆ. ‘ಮದ್ರಾಸ್ ವರದಿ’ಯಲ್ಲಿ ‘ಕೊಳ್ಳೇಗಾಲವನ್ನು ಕೊಯಮತ್ತೂರು ಜಿಲ್ಲೆಯಡಿ ನೋಡು’.
3. ಎಷ್ಟು ಟೈಪ್ ಆಗಿದೆ: ಪೂರ್ತಿಯೋ, ಅರ್ಧವೋ.
4. ಈಗ ಸಂಪರ್ಕ ಸಿಗುತ್ತಿದೆಯೋ ಇಲ್ಲವೋ.

ಪಾಸ್‌ವರ್ಡ್ ಮಾತ್ರ ಪಟ್ಟಿಯಲ್ಲಿ ಬರಬಾರದು. ಅದು ಸರ್ವರ್ ಹತ್ತಿರವೇ ಇರಲಿ, ಏಜೆಂಟಿಗೆ ಹೆಸರು ಗೊತ್ತಾದರೆ ಸಾಕು. ಹಾಗೇ ಓದಲು ಮಾತ್ರ ಅನುಮತಿ ಇರುವ ಖಾತೆ ಕೊಡಿ. ಶಾಸನಪಾಠದ ಒಂದು ಅಕ್ಷರವನ್ನು ಯಂತ್ರ ‘ತಿದ್ದಿ’ಬಿಟ್ಟರೆ ಗೊತ್ತಾಗುವುದು ಯಾವ ಕಾಲಕ್ಕೋ.

ಇಷ್ಟಾದ ಮೇಲೆ ಅದೇ ಪ್ರಶ್ನೆ ಮತ್ತೆ ಕೇಳಿದೆ. ಏಜೆಂಟ್ ಮೊದಲು ಪಟ್ಟಿ ತರಿಸಿಕೊಂಡಿತು, ಹಳೆಯ ಸಂಪುಟವನ್ನು ಬಿಟ್ಟಿತು, ‘ಮಧುವನಹಳ್ಳಿ’ ಜೊತೆಗೆ ‘ಮದುವನಹಳ್ಳಿ’ ಎಂದೂ ಹುಡುಕಿತು. ಕೊನೆಗೆ ಹೇಳಿತು: ‘ಪರಿಷ್ಕೃತ ಸಂಪುಟದ ಸೂಚಿ ಅರ್ಧ ಮಾತ್ರ ಟೈಪ್ ಆಗಿದೆ, ಮದ್ರಾಸ್ ವರದಿಗಳ ಸಂಪರ್ಕ ಈಗ ಸಿಗುತ್ತಿಲ್ಲ. ಆದ್ದರಿಂದ ಇಲ್ಲವೆಂದು ಹೇಳಲಾಗದು.’

ಮೇಲ್ನೋಟಕ್ಕೆ ಎರಡನೆಯ ಉತ್ತರದಲ್ಲಿ ಮಾಹಿತಿ ಕಡಿಮೆ ಅನಿಸಬಹುದು. ನನಗೆ ಬೇಕಿದ್ದದ್ದು ಇದೇ. ‘ಹುಡುಕಿದೆ, ಸಿಗಲಿಲ್ಲ’ ಮತ್ತು ‘ಹುಡುಕುವ ಜಾಗವೇ ನನಗೆ ಸಿಗಲಿಲ್ಲ’ ಇವೆರಡರ ನಡುವೆ ಇರುವುದು ಒಂದು ಕಲ್ಲಿನ ಆಯುಷ್ಯ. ಮೊದಲ ಉತ್ತರ ನಂಬಿ ‘ಯಾವ ದಾಖಲೆಯೂ ಇಲ್ಲ ಮಾವ’ ಅಂದಿದ್ದರೆ, ಅದು ಹಳ್ಳಿಯಲ್ಲಿ ‘ಬೆಲೆಯಿಲ್ಲದ ಕಲ್ಲು’ ಅಂತಲೇ ಅರ್ಥವಾಗುತ್ತಿತ್ತು. ಚರಂಡಿಗೆ ಚಪ್ಪಡಿ ಆಗಿಹೋಗುತ್ತಿತ್ತು. ನಿಜ ಹೇಳಬೇಕೆಂದರೆ, ದಾಖಲಾಗದ ಕಲ್ಲಿಗೇ ಹೆಚ್ಚಿನ ಜೋಪಾನ ಬೇಕು. ಓದಿ ಪ್ರಕಟಿಸಿದ್ದರೆ ಪಾಠವಾದರೂ ಪುಸ್ತಕದಲ್ಲಿ ಉಳಿದಿರುತ್ತದೆ.

ನೀವೂ ಇಂಥ ಡೇಟಾಬೇಸ್ ಕಟ್ಟುತ್ತಿದ್ದರೆ ಒಂದು ಮಾತು: ವ್ಯಾಪ್ತಿಯ ಆ ಒಂದು ಸಾಲನ್ನು ಸೋಮಾರಿತನ ಮಾಡದೆ ಬರೆಯಿರಿ. ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದನ್ನು ಮೊದಲು ಬರೆಯಿರಿ. ನಮ್ಮ ನಾಡಿನ ಗಡಿಗಳು ಎಷ್ಟೋ ಸಲ ಬದಲಾಗಿವೆ, ಸಂಪುಟಗಳು ಆಯಾ ಕಾಲದ ಗಡಿಯನ್ನೇ ಹಿಡಿದು ಕೂತಿವೆ.

ಮಾವನಿಗೆ ಫೋನ್ ಮಾಡಿ, ಕಲ್ಲನ್ನು ಗುಡಿ ಜಗಲಿಯ ಮೇಲೆ ಮಲಗಿಸಿ, ಸುಣ್ಣ ಬಳಿಯಬೇಡಿ, ಉಜ್ಜಬೇಡಿ ಅಂದಿದ್ದೇನೆ. ಭಾನುವಾರ ಕಾಗದ, ಮಸಿ, ಬ್ರಷ್ ತೆಗೆದುಕೊಂಡು ಪಡಿಯಚ್ಚು ತೆಗೆಯಲು ಹೊರಡುತ್ತಿದ್ದೇನೆ.