ಚಲನವಾಚಿ ಗ್ರೀಕ್ ಧಾತು: ಇಂಗ್ಲಿಷ್ ಪದಕುಟುಂಬ ಮತ್ತು ಜಾನಪದ ಪರಿಭಾಷೆ

ಗ್ರೀಕ್ ಭಾಷೆಯ ‘ಕಿನೆಯಿನ್’ ಎಂಬ ಕ್ರಿಯಾಪದಕ್ಕೆ ಚಲಿಸುವಂತೆ ಮಾಡು, ಅಲುಗಿಸು ಎಂಬ ಅರ್ಥಗಳಿವೆ. ‘ಕಿನೆಸಿಸ್’, ‘ಕಿನೆಮ’ ಎಂಬ ನಾಮಪದಗಳು ಇದರಿಂದಲೇ ಸಿದ್ಧಿಸಿದವು. ಇಂಗ್ಲಿಷಿನ ಸಿನಿಮಾ, ಕೈನೆಟಿಕ್, ಕೈನೆಸಿಕ್ಸ್ ಮೊದಲಾದ ಪದಗಳಿಗೆ ಈ ಧಾತುವೇ ಮೂಲ. ಜಾನಪದ ಅಧ್ಯಯನವು ಪಠ್ಯದಿಂದ ಪ್ರದರ್ಶನದ ಕಡೆಗೆ ಹೊರಳಿದಂತೆ ಈ ಕುಟುಂಬದ ಪರಿಭಾಷೆಗಳು ಸಂಶೋಧಕರ ಬಳಕೆಗೆ ಬಂದಿವೆ. ಅವೆಲ್ಲವನ್ನೂ ‘ಚಲನೆ’ ಎಂಬ ಒಂದೇ ಪದದಿಂದ ಅನುವಾದಿಸಿದರೆ ಮುಖ್ಯವಾದ ಅರ್ಥಭೇದಗಳು ಅಳಿಸಿಹೋಗುತ್ತವೆ. ಆದುದರಿಂದ ಈ ಕವಲುಗಳನ್ನು ಬಿಡಿಸಿ ನೋಡುವುದು ಅಗತ್ಯ.

೧. ಧಾತುವಿನ ಅರ್ಥವ್ಯಾಪ್ತಿ

ಪ್ರಾಚೀನ ಗ್ರೀಕರಲ್ಲಿ ‘ಕಿನೆಸಿಸ್’ ಎಂಬುದು ಕೇವಲ ಸ್ಥಾನಪಲ್ಲಟವಲ್ಲ. ಅರಿಸ್ಟಾಟಲನು ವಸ್ತುವಿನ ಗುಣ ಬದಲಾಗುವುದನ್ನೂ ಅದು ಬೆಳೆಯುವುದನ್ನೂ ಕುಗ್ಗುವುದನ್ನೂ ಇದೇ ಪದದಿಂದ ಸೂಚಿಸಿದ್ದಾನೆ. ಲ್ಯಾಟಿನ್ನಿನಲ್ಲಿ ಪ್ರಚೋದಿಸು, ಕರೆ ಎಂಬ ಅರ್ಥದ ‘ಕಿತಾರೆ’ ಇದೇ ಮೂಲದ ಜ್ಞಾತಿಪದವೆಂದು ಭಾಷಾವಿಜ್ಞಾನಿಗಳು ಗುರುತಿಸುತ್ತಾರೆ. ಇಂಗ್ಲಿಷಿನ ಎಕ್ಸೈಟ್, ರಿಸೈಟ್ ಎಂಬ ಪದಗಳು ಬಂದುದು ಅಲ್ಲಿಂದ. ಅಂದರೆ, ಬಾಯಲ್ಲಿ ಪಠಿಸುವುದನ್ನು ಹೇಳುವ ಪದಕ್ಕೂ ಮೈಯ ಚಲನೆಯನ್ನು ಹೇಳುವ ಪದಕ್ಕೂ ದೂರದ ನಂಟಿದೆ. ಆದರೆ ಧ್ವನಿಸಾಮ್ಯವೊಂದೇ ನಂಟಿಗೆ ಆಧಾರವಾಗದು. ಹಸುಗಳು ಎಂಬ ಅರ್ಥದ ಹಳೆಯ ಇಂಗ್ಲಿಷ್ ಬಹುವಚನರೂಪ ‘ಕೈನ್’, ಬಂಧುತ್ವವನ್ನು ಹೇಳುವ ‘ಕಿನ್’ ಇವು ಬೇರೆ ಮೂಲದವು.

೨. ಶಾಸ್ತ್ರದ ಕವಲು

ಈ ಕುಟುಂಬದ ಬಹುಪಾಲು ಪದಗಳು ಜನರ ಬಾಯಿಂದ ಬಾಯಿಗೆ ಹರಿದುಬಂದವಲ್ಲ; ವಿದ್ವಾಂಸರು ಪರಿಭಾಷೆಗಾಗಿ ಟಂಕಿಸಿದವು. 1834ರಲ್ಲಿ ಫ್ರೆಂಚ್ ವಿಜ್ಞಾನಿ ಆಂಪೇರ್, ಬಲದ ಗೊಡವೆಯಿಲ್ಲದೆ ಚಲನೆಯನ್ನು ಮಾತ್ರ ವಿವೇಚಿಸುವ ಶಾಸ್ತ್ರಕ್ಕೆ ‘ಸಿನೆಮಾಟಿಕ್’ ಎಂದು ಹೆಸರಿಟ್ಟನು. ಇಂಗ್ಲಿಷಿನಲ್ಲಿ ಅದು ‘ಕೈನೆಮ್ಯಾಟಿಕ್ಸ್’ ಆಯಿತು. ಚಲನಶಕ್ತಿಯನ್ನು ಸೂಚಿಸುವ ‘ಕೈನೆಟಿಕ್ ಎನರ್ಜಿ’ ಎಂಬ ಪದವನ್ನು 1860ರ ದಶಕದಲ್ಲಿ ವಿಲಿಯಂ ಥಾಮ್ಸನ್ ಮತ್ತು ಟೇಟ್ ಬಳಕೆಗೆ ತಂದರು. 1880ರಲ್ಲಿ ಬಾಸ್ಟಿಯನ್ ಎಂಬ ನರವಿಜ್ಞಾನಿ, ತನ್ನ ಅಂಗಗಳ ಚಲನೆ ತನಗೇ ತಿಳಿಯುವ ಒಳಗಿನ ಸಂವೇದನೆಗೆ ಇದೇ ಧಾತುವಿನಿಂದ ಹೆಸರು ಕಟ್ಟಿದನು. ಇಂದಿನ ‘ಕಿನೆಸ್ಥೀಸಿಯಾ’ ಅದರ ರೂಪಾಂತರ. ಹೀಗೆ ಒಂದು ಶಾಸ್ತ್ರಕ್ಕೆ ಹೊರಗಿನಿಂದ ಅಳೆಯುವ ಚಲನೆ ಮುಖ್ಯವಾದರೆ, ಇನ್ನೊಂದಕ್ಕೆ ಒಳಗಿನಿಂದ ಅರಿಯುವ ಚಲನೆ ಮುಖ್ಯವಾಯಿತು.

೩. ಚಿತ್ರದ ಕವಲು

ಎಡಿಸನ್ನನ ಕೈನೆಟೋಸ್ಕೋಪು 1894ರಲ್ಲಿ ನ್ಯೂಯಾರ್ಕಿನಲ್ಲಿ ಸಾರ್ವಜನಿಕ ವೀಕ್ಷಣೆಗೆ ದೊರೆಯಿತು. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸೋದರರು ಪ್ಯಾರಿಸ್ಸಿನಲ್ಲಿ ‘ಸಿನೆಮಾಟೋಗ್ರಾಫ್’ ಪ್ರದರ್ಶನ ನಡೆಸಿದರು. 1896ರ ಜುಲೈ 7ರಂದು ಅದು ಮುಂಬಯಿಗೂ ಬಂತು. ಗ್ರೀಕಿನಿಂದ ನೇರವಾಗಿ ತೆಗೆದುಕೊಂಡಾಗ ಕಕಾರ, ಫ್ರೆಂಚಿನ ಮೂಲಕ ಬಂದಾಗ ಸಕಾರ ಎಂಬ ಉಚ್ಚಾರಭೇದ ಇಲ್ಲಿ ಸ್ಪಷ್ಟ. ಬ್ರಿಟನ್ನಿನಲ್ಲಿ ಕೆಲಕಾಲ ‘ಕಿನೆಮಾ’ ರೂಪವೂ ಚಲಾವಣೆಯಲ್ಲಿತ್ತು. ಕೊನೆಗೆ ಸಕಾರವೇ ಉಳಿಯಿತು. ಕನ್ನಡವು ‘ಸಿನಿಮಾ’ವನ್ನು ಆಡುಮಾತಿಗೂ, ಧಾತ್ವರ್ಥಕ್ಕೆ ಹೊಂದುವ ‘ಚಲನಚಿತ್ರ’ವನ್ನು ಗ್ರಂಥಭಾಷೆಗೂ ಇಟ್ಟುಕೊಂಡಿತು.

೪. ಅರ್ಥವುಳ್ಳ ಚಲನೆ

ಜಾನಪದಕ್ಕೆ ಹತ್ತಿರವಾದ ಕವಲೆಂದರೆ ‘ಕೈನೆಸಿಕ್ಸ್’. ಅಮೆರಿಕದ ಮಾನವಶಾಸ್ತ್ರಜ್ಞ ರೇ ಬರ್ಡ್‌ವಿಸೆಲ್ 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಂವಹನಕ್ಕೆ ಒದಗುವ ದೇಹಚಲನೆಗಳ ಅಧ್ಯಯನಕ್ಕೆ ಈ ಹೆಸರಿಟ್ಟನು. ಭಾಷೆಯಲ್ಲಿ ಧ್ವನಿಮಾ ಇರುವಂತೆ ದೇಹಚಲನೆಯಲ್ಲಿ ‘ಕೈನೀಮ್’ ಎಂಬ ಘಟಕವಿದೆಯೆಂದೂ, ಯಾವ ಹಾವಭಾವಕ್ಕೂ ಎಲ್ಲ ಸಂಸ್ಕೃತಿಗಳಲ್ಲಿ ಒಂದೇ ಅರ್ಥವಿರದೆಂದೂ ಅವನು ವಾದಿಸಿದನು. ಭಾಷೆಯ ಮಾದರಿಯನ್ನು ದೇಹಕ್ಕೆ ಅಷ್ಟು ನೇರವಾಗಿ ಅನ್ವಯಿಸಬಹುದೇ ಎಂಬ ಆಕ್ಷೇಪಗಳು ಬಂದಿವೆ. ಆದರೂ ಮೈಯ ಅಲುಗಾಟವೂ ದಾಖಲಿಸಬೇಕಾದ ಸಾಮಗ್ರಿ ಎಂಬ ಅವನ ನಿಲುವಿನ ಮಹತ್ವ ಕುಂದಿಲ್ಲ. 1984ರಲ್ಲಿ ಎಲಿಜಬೆತ್ ಫೈನ್ ‘ದಿ ಫೋಕ್‌ಲೋರ್ ಟೆಕ್ಸ್ಟ್’ ಗ್ರಂಥದಲ್ಲಿ, ಪ್ರದರ್ಶನದ ಮಾತಿನೊಡನೆ ದನಿಯ ಏರಿಳಿತ, ಅಂಗಚಲನೆಗಳನ್ನೂ ಮುದ್ರಿತ ಪಠ್ಯದಲ್ಲಿ ಗುರುತಿಸುವ ಕ್ರಮವನ್ನು ಚರ್ಚಿಸಿದ್ದಾಳೆ.

ಇದಕ್ಕೆ ಕನ್ನಡದಲ್ಲಿ ‘ಆಂಗಿಕ’ ಎಂಬ ಸಿದ್ಧಪದವಿದೆಯೆಂದು ತೋರಬಹುದು. ಆದರೆ ನಾಟ್ಯಶಾಸ್ತ್ರದ ಆಂಗಿಕವು ನಾಲ್ಕು ಅಭಿನಯಗಳಲ್ಲಿ ಒಂದು. ಅದು ಶಾಸ್ತ್ರಬದ್ಧವಾದದ್ದು, ಉದ್ದೇಶಪೂರ್ವಕವಾದದ್ದು. ಕಥೆ ಹೇಳುವವರು ಅರಿವಿಲ್ಲದೆ ಮುಂದಕ್ಕೆ ಬಾಗುವುದು, ಕೇಳುವವರು ತಲೆದೂಗುವುದು ಅದರೊಳಗೆ ಬರುವುದಿಲ್ಲ, ಕೈನೆಸಿಕ್ಸಿನೊಳಗೆ ಬರುತ್ತವೆ. ಆದ್ದರಿಂದ ‘ಅಂಗಚಲನ ಸಂವಹನ’ ಎಂಬಂಥ ವಿವರಣಾತ್ಮಕ ಪದವೇ ಇಲ್ಲಿ ಹೆಚ್ಚು ಸಮಂಜಸ.

ಈ ಭೇದ ಬರಿಯ ಪದಚರ್ಚೆಯಲ್ಲ. ಮಾದೇಶ್ವರನ ಕಾವ್ಯವನ್ನು ಹಾಡುವ ದೇವರಗುಡ್ಡರ ಬೀಸು ಕಂಸಾಳೆಯಲ್ಲಿ ತಾಳ, ಹಾಡು, ಮೈಯ ಬಾಗು ಇವು ಒಂದನ್ನೊಂದು ಹಿಡಿದು ನಡೆಯುತ್ತವೆ. ಹಾಡಿನ ಸಾಲುಗಳನ್ನು ಮಾತ್ರ ಅಚ್ಚುಮಾಡಿದರೆ ಕಂಸಾಳೆಯನ್ನು ಬೀಸುವ ಕೈ ಪಠ್ಯದಿಂದ ಹೊರಗುಳಿಯುತ್ತದೆ. ಕಲಾವಿದರ ತಲೆಮಾರು ಕಳೆದ ಮೇಲೆ ಆ ಚಲನೆಯನ್ನು ಸಾಲುಗಳಿಂದ ಮರಳಿ ಪಡೆಯಲಾಗದು. ದೃಶ್ಯಮುದ್ರಣವು ಚಲನೆಯನ್ನು ಹಿಡಿದಿಡಬಲ್ಲದು. ಅದರ ಅರ್ಥವನ್ನು ಕಲಾವಿದರಿಂದಲೇ ಕೇಳಿ ಬರೆದುಕೊಳ್ಳಬೇಕಾಗುತ್ತದೆ.

ಒಟ್ಟಿನಲ್ಲಿ, ಒಂದೇ ಧಾತುವಿನಿಂದ ಅಳೆಯುವ ಚಲನೆ, ಅರಿಯುವ ಚಲನೆ, ಕಾಣುವ ಚಲನೆ, ಅರ್ಥವುಳ್ಳ ಚಲನೆ ಎಂಬ ನಾಲ್ಕು ಕವಲುಗಳು ಒಡೆದಿವೆ. ಕನ್ನಡದ ಪರಿಭಾಷೆಯೂ ಇವನ್ನು ಬೇರೆ ಬೇರೆಯಾಗಿ ಗುರುತಿಸಿದಾಗ ಜನಪದ ಪ್ರದರ್ಶನಗಳ ದಾಖಲಾತಿ ಮಾತಿನಾಚೆಗೂ ವಿಸ್ತರಿಸಬಲ್ಲದು.